ಹಗ್ಗದ ಆ ತುದಿ

“ಅಯ್ಯೋ! ನಾನು ಹಾಕಿದ್ದ ಗೆರೆ ಎಲ್ಲಿ?”

ರಂಗೋಲಿ ಬಿಡಿಸುತ್ತಿದ್ದ ಪುಟ್ಟಮಲ್ಲಮ್ಮನ ಕೈ ನಿಂತುಬಿಟ್ಟಿತು. ತಲೆಯೆತ್ತಿದಳು. ಸೈಕಲ್ ಹಿಡಿದು ನಿಂತಿದ್ದವನು ಉಮ್ಮತ್ತೂರಿನ ಓವರ್ಸಿಯರ್ ಶಾಂತಮಲ್ಲಪ್ಪ. ಕಣ್ಣಲ್ಲಿ ಕೆಂಡ!

ಐವತ್ತೈದನೇ ಇಸವಿ. ಬೇಗೂರಿನವರು ಶ್ರಮದಾನದಲ್ಲಿ ಶಾಲೆ ಕಟ್ಟಲು ಹೊರಟಿದ್ದರು. ಪಾಯ ಎಲ್ಲಿ ತೋಡಬೇಕೆಂದು ಹಿಂದಿನ ಸಂಜೆ ಅವನು ಗೂಟ ನೆಟ್ಟು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋಗಿದ್ದ. ಬೆಳಿಗ್ಗೆ ಗುದ್ದಲಿ ಪೂಜೆ. ಪೂಜೆಯ ಜಾಗವೆಂದರೆ ಸಾರಿಸಬೇಡವೇ? ಅವಳು ಗೂಟಗಳನ್ನೂ ಕಿತ್ತು, ಸಗಣಿ ನೀರು ಹಾಕಿ, ಗೆರೆಗಳಿದ್ದ ಕಡೆಯೆಲ್ಲ ತಾವರೆ ಅರಳಿಸಿದ್ದಳು!

“ಊರೋರೆಲ್ಲ ಗುದ್ದಲಿ ಹೊತ್ಕೊಂಡು ಬತ್ತಾವ್ರೆ. ಎಲ್ಲಿ ಅಗೀರಿ ಅನ್ಲಿ? ಈ ತಾವರೆ ಮೇಲಾ?”

ಅವಳ ಕಣ್ಣು ತುಂಬಿ ಬಂತು. ಅವನ ದನಿ ತಟ್ಟನೆ ಇಳಿಯಿತು.

“ಬುಡು, ಅಳ್ಬೇಡ... ಈ ಹಗ್ಗದ ತುದಿ ಹಿಡ್ಕೊ. ಇಬ್ರೂ ಸೇರಿ ಇನ್ನೊಂದ್ಸಲ ಎಳೆಯನ. ಸಡ್ಲ ಬುಡ್ಬೇಡ.”

“ಬುಡಲ್ಲ...”

ಜನ ಬರುವಷ್ಟರಲ್ಲಿ ಗೆರೆ ಮೂಡಿತ್ತು. ಆದರೆ ಅವಳ ಅಪ್ಪ ದೊಡ್ಡಮಲ್ಲಪ್ಪನಿಗೆ ಕಂಡಿದ್ದು ಮಗಳ ಒದ್ದೆ ಕಣ್ಣು ಮಾತ್ರ.

ಗೋಡೆಗಳು ಎದ್ದವು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿ ಅವಳು. ಮಾತು ಕಡಿಮೆ, ನೋಟ ಹೆಚ್ಚು. ಮಣ್ಣಿನ ಮಂಕರಿ ಹೊರುತ್ತಲೇ ಅವನನ್ನು ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟ! ಅವಳು ಬಂದರೆ ಸಾಕು, ಗೋಡೆಯ ಕಡೆ ತಿರುಗುತ್ತಿದ್ದ.

“ಏನ್ ಮಾಡ್ದೆ ಕಣಮ್ಮಿ ಅವನ್ಗೆ?” ಎಂದು ಪಕ್ಕದ ಮನೆಯ ಕರಿಬಸಮ್ಮ ಕೆಣಕಿದಳು.

ಗೆರೆ ಅಳಿಸಿದ ಕೋಪ ಇನ್ನೂ ಹೋಗಿಲ್ಲವೇ... ಎಂದುಕೊಳ್ಳುತ್ತಾ ಅವಳು ಮಂಕರಿ ಎತ್ತಿಕೊಂಡಳು.

ಅಂದು ಉಣ್ಣುವಾಗ ಅಪ್ಪ ಹೇಳಿದ.

“ನಿನ್ನ ನೋಡ್ಕಂಡೋದ ಗುಂಡ್ಲುಪೇಟೆ ಗಂಡಿಗೆ ಒಪ್ಗೆ ಅಂತ ನಾಳೆ ಯೋಳ್ಕಳುಸ್ತೀನಿ ಕಣವ್ವ. ಆ ಓವರ್ಸಿಯರೂ ನಿನ್ನ ಕೇಳವ್ನೆ. ಕೇಳಿದ್ ಮ್ಯಾಲೆ ನಾವು ಉತ್ತರ ಕೊಡೋಗಂಟ ನಿನ್ನ ಮಕ ನೋಡ್ಬಾರ್ದು ಅಂತ ಮರ್ವಾದೆ ಉಳಿಸ್ಕಂಡವ್ನೆ, ನಿಜ. ಆದ್ರೆ ಗದರೋ ಗಂಡು! ಅವತ್ತು ನೀನು ಅತ್ತಿದ್ನ ನೋಡ್ನಿಲ್ವಾ ನಾನು?”

ಎತ್ತಿದ ತುತ್ತನ್ನು ಅವಳು ತಟ್ಟೆಗೇ ಇಟ್ಟಳು. ಅದಕ್ಕಾ ಅವನು ತಿರುಗಿ ನಿಲ್ಲುತ್ತಿದ್ದುದು!

‘ಅಪ್ಪಾ, ನನಗೆ ಅವರೇ ಬೇಕು...’ ಮನಸ್ಸಿನಲ್ಲೇ ಅಂದುಕೊಂಡು, ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಶಾಲೆಯ ಮುಂದಿನ ಜಗಲಿಗೆ ಗೆರೆ ಹಾಕಬೇಕಿತ್ತು. ಶಾಂತಮಲ್ಲಪ್ಪ ಹಗ್ಗ ಹಿಡಿದು, “ಯಾರಾದ್ರೂ ಆ ತುದಿ ಹಿಡೀರಪ್ಪ” ಎಂದ. ಅಪ್ಪನೇ ಬಗ್ಗಿದ.

ಪುಟ್ಟಮಲ್ಲಮ್ಮ ಮಂಕರಿ ಕೆಳಗಿಟ್ಟಳು. ಅಷ್ಟು ಜನರ ನಡುವೆ ನೆಟ್ಟಗೆ ನಡೆದು ಬಂದು, ಅಪ್ಪನಿಗಿಂತ ಮೊದಲು ಹಗ್ಗ ಎತ್ತಿಕೊಂಡಳು. ಶಾಂತಮಲ್ಲಪ್ಪ ಎಂದಿನಂತೆ ಗೋಡೆಯ ಕಡೆ ತಿರುಗಿದ.

“ಅವತ್ತು ನಾನು ಅತ್ತಿದ್ದು ನನ್ನ ತಪ್ಪಿಗೆ ಅಪ್ಪಾ. ಇವ್ರು ಸಮಾಧಾನ ಮಾಡಿದ್ರು. ಈ ತುದಿ... ನಾನೇ ಇಡ್ಕತೀನಿ. ಯಾವಾಗ್ಲೂ.”

ಗುದ್ದಲಿಗಳ ಸದ್ದೇ ನಿಂತಿತು!

“ಇನ್ನೇನ್ ಬೇಕು ದೊಡ್ಡಮಲ್ಲಪ್ಪಣ್ಣಾ? ಬಾಯಿಲ್ದ ಕೂಸು ಬಾಯಿ ಬುಟ್ಟದೆ!” ಕರಿಬಸಮ್ಮ ನಕ್ಕಳು.

ದೊಡ್ಡಮಲ್ಲಪ್ಪ ಮಗಳನ್ನೇ ನೋಡಿದ. ರುಮಾಲು ಸರಿಮಾಡಿಕೊಂಡ.

“ಗುಂಡ್ಲುಪೇಟೆಗೆ ಬ್ಯಾಡ ಅಂತ ಯೋಳ್ಕಳುಸ್ತೀನಿ. ಏನಪ್ಪಾ ಓವರ್ಸಿಯರು, ಗ್ವಾಡೆ ನೋಡಿದ್ದು ಸಾಕು. ಇತ್ತಗೆ ತಿರುಗು!”

ಶಾಂತಮಲ್ಲಪ್ಪ ತಿರುಗಿದ. ಎಷ್ಟು ದಿನಗಳ ನೋಟವೋ, ಒಟ್ಟಿಗೇ ಬಂತು.

“ಸಡ್ಲ ಬುಡ್ಬೇಡ...” ಎಂದ ಮೆಲ್ಲಗೆ.

“ಅವತ್ತೇ ಯೋಳ್ನಿಲ್ವಾ?”

ಎಂದವಳೇ ಹಗ್ಗ ಬಿಗಿಯಾಗಿ ಎಳೆದಳು. ಅವನು ಮುಗ್ಗರಿಸಿ, ನಗುತ್ತಾ, ಒಂದು ಹೆಜ್ಜೆ ಅವಳ ಕಡೆಗೆ ಬಂದ.