ಪಡ್ಡಿನ ಕಾವಲಿಯ ಹೂವು

"ಇನ್ನೊಂದ್ಸಲ ಹೊಡಿಯೇ," ಎಂದ ಮುನೇಶ.

ತ್ರಿವೇಣಿ ಸೌಟಿನ ಹಿಡಿಯಿಂದ ಪಡ್ಡಿನ ಕಾವಲಿಯ ಅಂಚಿಗೆ ತಟ್ಟಿದಳು. ಠಣ್ ಎಂದ ಸದ್ದು ಸ್ವಲ್ಪ ಹೊತ್ತು ನಿಂತೇ ಇತ್ತು.

ಪಕ್ಕದ ಮನೆಯ ಮುನೇಶ ಅವಳದೇ ಕ್ಲಾಸು. ಅವನ ಕೈಯಲ್ಲಿ ಅವರಪ್ಪನ ಮೊಬೈಲು. ಅದರಲ್ಲಿ ಹಳೆಯ ಕಬ್ಬಿಣದ ಪಾತ್ರೆಗಳನ್ನು ಗುರುತಿಸುವ ವಿಡಿಯೋ ಓಡುತ್ತಿತ್ತು.

"ಸದ್ದು ಓಕೆ. ತೂಕ ಓಕೆ. ಎಲ್ಲೂ ಬೆಸುಗೆ ಇಲ್ಲ, ಅದೂ ಓಕೆ. ಹಂಗಾದ್ರೆ ಇದು ಎರಕದ್ದು ಕಣೇ. ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ದಿರೋದು. ಇನ್ನು ಮಾಡಿದೋರ ಮಾರ್ಕ್ ಒಂದು ಸಿಕ್ರೆ ಆಯ್ತು. ಅಂಥದ್ದನ್ನ ಜನ ಹುಡುಕ್ಕೊಂಡು ಬರ್ತಾರಂತೆ."

"ಮಾರ್ಕ್ ಸಿಗದಿದ್ರೆ?"

"ಬರೀ ಹಳೇ ಕಬ್ಬಿಣ."

ಅಮ್ಮನೂ ಹಾಗೇ ಅಂದಿದ್ದಳು. ಬೆಳಗಾದರೆ ಅಮ್ಮನಿಗೆ ಫ್ಯಾಕ್ಟರಿ ಬಸ್ಸು ಹಿಡಿಯುವ ಅವಸರ. ಮೊನ್ನೆ ಗೂಡಿನಿಂದ ಏನೋ ತೆಗೆಯಲು ಹೋದಾಗ ಈ ಕಾವಲಿ ಅವಳ ಕಾಲ ಮೇಲೆ ಬೀಳುವುದರಲ್ಲಿತ್ತು. "ಹೊಸ ನಾನ್‌ಸ್ಟಿಕ್ ಇದೆಯಲ್ಲ ಅತ್ತೆ. ಭಾನುವಾರ ಗುಜರಿ ಭೀಮರಾಜಣ್ಣ ಬಂದ್ರೆ ಇದನ್ನ ಹಾಕ್ಬಿಡ್ತೀನಿ," ಎಂದಿದ್ದಳು.

"ನಿನ್ನಿಷ್ಟಮ್ಮ," ಎಂದಿದ್ದಳು ಅಜ್ಜಿ ಅಕ್ಕಯಮ್ಮ. ಆದರೆ ಅವತ್ತು ರಾತ್ರಿ ಅಜ್ಜಿ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟಳು. ಅದನ್ನು ನೋಡಿದ್ದು ತ್ರಿವೇಣಿ ಒಬ್ಬಳೇ. ಹೇಗಾದರೂ ಮಾಡಿ ಕಾವಲಿಯನ್ನು ಉಳಿಸಬೇಕು ಎಂದು ಅವಳು ಆಗಲೇ ನಿರ್ಧರಿಸಿದ್ದಳು.

ಈಗ ಶಾಲೆಗೆ ರಜೆ. ಅಜ್ಜಿ ಆವನಿ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿದ್ದಳು. ಮಕ್ಕಳಿಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಕಾವಲಿಯ ತಳವನ್ನು ಉಜ್ಜಿದರು. ಮಸಿ ಹೋಯಿತು, ಮಾರ್ಕ್ ಸಿಗಲಿಲ್ಲ. ಹಾಗಾದರೆ ಮೇಲುಗಡೆಯೇ ಇರಬೇಕು. ಅಲ್ಲಿ ಏಳು ಗುಳಿಗಳೂ ಅವುಗಳ ನಡುವಿನ ಜಾಗವೂ ಎಮ್ಮೆಯ ಮೈಯಂತೆ ಕಪ್ಪಗೆ ಮಿರುಗುತ್ತಿದ್ದವು.

"ಈ ಕಪ್ಪು ಸೋಪಿಗೆಲ್ಲ ಬಗ್ಗಲ್ಲ," ಎಂದ ಮುನೇಶ.

"ಹಬ್ಬಕ್ಕೆ ಹಿತ್ತಾಳೆ ಚೊಂಬು ಯಾವುದ್ರಲ್ಲಿ ಬೆಳಗ್ತಾರೆ? ಹುಣಿಸೆಹಣ್ಣಲ್ಲಿ. ಇದಕ್ಕೂ ಅದೇ."

ಅವರ ಮನೆಯಲ್ಲಿ ಹುಣಿಸೆಹಣ್ಣಿಗೆ ಬರವೇ? ತ್ರಿವೇಣಿ ದೊಡ್ಡ ಉಂಡೆಯನ್ನೇ ತಂದು ಕಿವುಚಿ, ಉಪ್ಪು ಬೆರೆಸಿ ಕಾವಲಿಯ ತುಂಬ ಬಳಿದಳು. ಊಟ ಮುಗಿಸಿ ಬಂದು ಸ್ಟೀಲ್ ನಾರಿನಿಂದ ಇಬ್ಬರೂ ಸರದಿಯ ಮೇಲೆ ತಿಕ್ಕಿದರು. ಕಪ್ಪು ನೀರು ಕಾಲುವೆಯಾಗಿ ಹರಿಯಿತು. ಗುಳಿಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿದವು.

"ನಿಲ್ಲು, ನಿಲ್ಲು," ಎಂದಳು ತ್ರಿವೇಣಿ.

ನಡುವಿನ ಗುಳಿಯ ಪಕ್ಕದಲ್ಲಿ ಬೆರಳಿಗೆ ಏನೋ ತಗುಲಿತ್ತು. ನೀರು ಹೊಯ್ದು ನೋಡಿದರೆ ಐದು ದಳದ ಪುಟ್ಟ ಹೂವು. ಅಚ್ಚಿನಲ್ಲೇ ಉಬ್ಬಿ ಬಂದಿತ್ತು. ಮುನೇಶ ವಿಡಿಯೋವನ್ನು ಹಿಂದೆ ಮುಂದೆ ಓಡಿಸಿದ. ಅಂಥ ಹೂವು ಅದರಲ್ಲೆಲ್ಲೂ ಇರಲಿಲ್ಲ.

ಸಂಜೆ ಅಜ್ಜಿ ಬಾಗಿಲಿಗೆ ಬರುತ್ತಲೇ ತ್ರಿವೇಣಿ ಕಾವಲಿಯನ್ನು ಎತ್ತಿ ಹಿಡಿದಳು. "ಅಜ್ಜಿ, ಇಲ್ನೋಡು, ಹೂವು. ಇದನ್ನ ಹಾಕಿದ್ದು ಯಾರು?"

ಅಜ್ಜಿ ಚೀಲ ಕೆಳಗಿಟ್ಟು ಕಾವಲಿಯ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಎಂಥಾ ಕೆಲಸ ಮಾಡ್ದೆ, ತಲ್ಲಿ." ಅಜ್ಜಿಗೆ ಮುದ್ದು ಬಂದರೂ ನೋವಾದರೂ ತಾಯಿ ಎನ್ನುವ ಬದಲು ಬಾಯಿಗೆ ತೆಲುಗು ಬರುತ್ತಿತ್ತು. "ಯಾರು ಹಾಕಿದ್ರೋ ನಂಗೇನ್ ಗೊತ್ತು? ಈ ಹೂವನ್ನ ನಾನೂ ಇವತ್ತೇ ನೋಡ್ತಿರೋದು. ನಮ್ಮತ್ತೆ ನನ್ನ ಕೈಗೆ ಕೊಟ್ಟಾಗ್ಲೇ ಇದು ಕಪ್ಪಲ್ಲಿ ಮುಚ್ಚೋಗಿತ್ತು."

ಅವಳು ಒಲೆ ಹಚ್ಚಿ, ಎಣ್ಣೆ ಬಿಟ್ಟು, ಗುಳಿಗಳಿಗೆ ಹಿಟ್ಟು ಹಾಕಿದಳು. ಪಡ್ಡು ಬೆಂದಿತು, ಆದರೆ ಏಳರಲ್ಲಿ ಒಂದೂ ಮೇಲೇಳಲಿಲ್ಲ. ಕಡ್ಡಿಯಿಂದ ಮೀಟಿದರೆ ಚೂರು ಚೂರಾಗಿ ಕಿತ್ತುಬಂದವು.

ಆ ಹೊತ್ತಿಗೆ ಕೆಲಸದಿಂದ ಬಂದ ಅಮ್ಮ ಇಣುಕಿ ನೋಡಿದಳು. "ನೋಡಿ ಅತ್ತೆ, ಇದಕ್ಕೇ ನಾನು ಬೇಡ ಅಂದಿದ್ದು."

ತ್ರಿವೇಣಿಗೆ ಅಳು ತಡೆಯಲಾಗಲಿಲ್ಲ. ಉಳಿಸಲು ಹೊರಟವಳೇ ಕೆಡಿಸಿದ್ದಳು.

"ಅದು ಕೊಳೆ ಅಲ್ಲ ಕಣಮ್ಮ," ಎಂದಳು ಅಜ್ಜಿ ಮೊಮ್ಮಗಳಿಗೆ. "ಎಣ್ಣೆ ಬೆಂದು ಬೆಂದು ಕೂತಿದ್ದ ಕಪ್ಪು. ಅದಿದ್ರೇನೇ ಹಿಟ್ಟು ಕಚ್ಕೊಳಲ್ಲ."

"ಮತ್ತೆ ಬರಲ್ವಾ?"

"ಪಳಗಿಸಿದ್ರೆ ಬರುತ್ತೆ. ನಂಗೆ ರಟ್ಟೆ ನೋವು. ನೀನೇ ಮಾಡ್ಬೇಕು."

ಅಮ್ಮ ನಿಟ್ಟುಸಿರು ಬಿಟ್ಟಳು. "ಭಾನುವಾರದ ತನಕ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಅಂದಿನಿಂದ ದಿನಾ ಅದೇ ಕೆಲಸ. ಅಜ್ಜಿ ಪಕ್ಕದಲ್ಲಿ ಕೂತು ಹೇಳುವಳು, ತ್ರಿವೇಣಿ ಮಾಡುವಳು. ಕಡಲೆಕಾಯಿ ಎಣ್ಣೆ ಸವರಿ ಹೊಗೆಯಾಡುವ ತನಕ ಕಾಯಿಸುವುದು. ಅರ್ಧ ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿ ಗುಳಿಗುಳಿಯನ್ನೂ ಉಜ್ಜುವುದು. ಆರಿಸಿ, ಮತ್ತೆ ಎಣ್ಣೆ ಸವರುವುದು. ಕೊನೆಗೆ ಒಂದಿಷ್ಟು ಹಿಟ್ಟು ಹಾಕಿ ನೋಡುವುದು. ಕಿತ್ತುಬಂದ ಚೂರುಗಳನ್ನು ತಿನ್ನುವ ಕೆಲಸವನ್ನು ಮುನೇಶ ತಾನೇ ವಹಿಸಿಕೊಂಡ. ಆ ಕೆಲಸಕ್ಕೆ ಅವನು ಒಂದು ದಿನವೂ ರಜೆ ಹಾಕಲಿಲ್ಲ.

ಬೂದಿ ಬಣ್ಣ ಮೊದಲು ಕಂದಾಯಿತು, ಆಮೇಲೆ ಕಂದು ಕಪ್ಪಿಗೆ ತಿರುಗುತ್ತ ಬಂತು. ಕಪ್ಪು ಇಷ್ಟು ನಿಧಾನ ಎಂದು ತ್ರಿವೇಣಿಗೆ ಗೊತ್ತಿರಲಿಲ್ಲ. ಅವಳು ಅದನ್ನು ತೆಗೆದದ್ದು ಒಂದೇ ಮಧ್ಯಾಹ್ನದಲ್ಲಿ.

ಭಾನುವಾರ ಬೆಳಿಗ್ಗೆ ಕಾವಲಿ ಒಲೆಯ ಮೇಲಿದ್ದಾಗಲೇ ಬೀದಿಯಲ್ಲಿ ಭೀಮರಾಜಣ್ಣನ ಕೂಗು ಕೇಳಿಸಿತು. "ಹಳೇ ಪೇಪರ್, ಹಳೇ ಕಬ್ಬಿಣಾ..."

 ತ್ರಿವೇಣಿ ನಡುವಿನ ಗುಳಿಯ ಅಂಚಿಗೆ ಕಡ್ಡಿ ತೂರಿಸಿ ಮೆಲ್ಲಗೆ ಎತ್ತಿದಳು. ಪಡ್ಡು ಅರೆಗಳಿಗೆ ತಡೆದು, ಆಮೇಲೆ ಗುಂಡಗೆ, ಇಡಿಯಾಗಿ ಮಗುಚಿಕೊಂಡಿತು. ಉಳಿದವುಗಳಲ್ಲಿ ಮೂರು ಬಂದವು. ಮೂರು ಇನ್ನೂ ಹಟ ಹಿಡಿದು ಕೂತಿದ್ದವು.

ಪೇಪರ್ ಕಟ್ಟು ಎತ್ತಿಕೊಂಡು ಹೊರಟಿದ್ದ ಅಮ್ಮ ಒಲೆಯ ಬಳಿ ನಿಂತಳು. ಬೆಂದ ಪಡ್ಡೊಂದನ್ನು ಊದಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಕಟ್ಟು ಹಿಡಿದು ಹೊರಗೆ ಹೋದಳು.

"ಅಕ್ಕ, ಕಬ್ಬಿಣದ್ದೇನೋ ಇದೆ ಅಂದಿದ್ರಲ್ಲ?" ಭೀಮರಾಜಣ್ಣನ ಧ್ವನಿ ಒಳಗೂ ಕೇಳಿಸಿತು.

"ಅದು ಒಲೆ ಮೇಲಿದೆ."

"ಮುಂದಿನ ವಾರ ಕೊಡ್ತೀರಾ?"

"ಮುಂದಿನ ವಾರಾನೂ ಅದು ಒಲೆ ಮೇಲೇ ಇರುತ್ತಣ್ಣ. ಪೇಪರ್ ತಗೊಂಡೋಗಿ."

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕಳು.

ಪಡ್ಡು ಅಗಿಯುತ್ತ ಮುನೇಶ ಕಾವಲಿಯತ್ತ ಬಗ್ಗಿದ. ಹೂವಿನ ದಳಗಳ ಸಂದಿನಲ್ಲಿ ಆಗಲೇ ಕಪ್ಪು ಇಳಿಯುತ್ತಿತ್ತು. "ಅಲ್ಲಿ ಮಾತ್ರ ಎಣ್ಣೆ ಹಾಕ್ಬೇಡ ಕಣೇ. ಹೂವು ಮತ್ತೆ ಮುಚ್ಚೋಗುತ್ತೆ."

ತ್ರಿವೇಣಿ ಹೂವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಈರುಳ್ಳಿಯನ್ನು ಎಣ್ಣೆಗೆ ಅದ್ದಿ, ಹೂವಿನ ಮೇಲಿಂದಲೇ ಸವರತೊಡಗಿದಳು.