ಬುಧವಾರದ ಜಗಳ

ಗಂಡನ ಅಂತ್ಯಸಂಸ್ಕಾರ ಮುಗಿದು, ಕೊನೆಯ ನೆಂಟರೂ ಬಸ್ಸು ಹತ್ತಿ ಹೋದ ಮರುದಿನದ ಬೆಳಗು. ಪೇಪರ್ ಬಂತು. ಹಾಲು ಬಂತು. ಆಟದ ಪುಟಕ್ಕಾಗಿ ಕಿತ್ತಾಡಲು ಯಾರೂ ಇರಲಿಲ್ಲ. ಪೂರ್ತಿ ಪೇಪರ್ ಅವಳದೇ.

ಅವಳು ಇನ್ನೂ ಅತ್ತಿರಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಟ್ರ್ಯಾಕ್ ಪ್ಯಾಂಟು ತೊಟ್ಟ ಅಪರಿಚಿತ. ಮುಂದಿನ ಬೀದಿಯಲ್ಲಿರುವ ವಿಶೇಷ ಮಕ್ಕಳ ಶಾಲೆಯ ಕೋಚ್ ಎಂದ. ಇವನೂ ‘ಧೈರ್ಯ ತಂದ್ಕೊಳ್ಳಿ’ ಅನ್ನುತ್ತಾನೆಂದು ಅವಳು ಕಾದಳು.

"ಮೇಷ್ಟ್ರು ನಮ್ಮ ಹತ್ರ ಆಟ ಆಡೋ ವೀಲ್‌ಚೇರ್ ತಗೊಂಡಿದ್ರು. ಎರವಲು. ಅದು ವಾಪಸ್ ಬೇಕಿತ್ತು."

ಅವಳಿಗೆ ಕೇಳಿಸಿದ್ದು ನಿಜವೇ ಎಂಬ ಅನುಮಾನ.

"ಗಂಡ ಸತ್ತ ಮನೆ ಬಾಗಿಲಿಗೆ ಬಂದು ಕೇಳೋ ಮಾತಾ ಇದು?"

"ಅಲ್ಲ. ಗೊತ್ತು. ಆದ್ರೆ ನನ್ನ ಟೀಮಲ್ಲಿ ಒಬ್ಬಳಿಗೆ ಚೇರ್ ಇಲ್ಲ. ದಿನಾ ನೆಲದ ಮೇಲೆ ಕೂತು ಬೇರೆಯವರ ಆಟ ನೋಡ್ತಾಳೆ. ಅವಳಿಗೆ ಏನ್ ಹೇಳ್ಲಿ?"

"ನನ್ನ ಕೇಳ್ಬೇಡಿ."

ಬಾಗಿಲು ಅವನ ಮುಖದ ಮೇಲೆಯೇ ಮುಚ್ಚಿತು. ಚಿಲಕವನ್ನೂ ಜೋರಾಗಿ ಎಳೆದಳು. ಏನಿದು? ಕೋಪ... ಗಂಡನನ್ನು ಆಸ್ಪತ್ರೆಗೆ ಸೇರಿಸಿದ ದಿನದಿಂದ ಅವಳೊಳಗೆ ಮೂಡಿದ ಮೊದಲ ಭಾವನೆ ಅದು.

"ಯಾರಮ್ಮ ಅದು?" ಒಳಗಿಂದ ಅತ್ತೆ ಕೇಳಿದರು.

"ಮಾನಗೆಟ್ಟವನು."

* * *

ಗಂಡ ಹೆಂಡತಿ ಇಬ್ಬರೂ ಒಂದೇ ಶಾಲೆಯಲ್ಲಿ ಪಿ.ಟಿ. ಕಲಿಸುತ್ತಿದ್ದರು. ಚಿಕ್ಕ ಮಕ್ಕಳು ಅವಳ ಪಾಲು, ದೊಡ್ಡವರು ಅವನ ಪಾಲು. ಈಗ ಎಲ್ಲರೂ ಅವಳ ಪಾಲಿಗೇ ಬಂದರು. ಅವರಲ್ಲಿ ಮೆಣಸಿನಕಾಯಿಯೂ ಒಬ್ಬಳು. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ. ಆ ಬಲವೆಲ್ಲ ನಾಲಗೆಗೆ ಹೋಗಿದೆ ಎಂದು ತರಗತಿಯಲ್ಲಿ ಇಟ್ಟ ಹೆಸರು. ಬಾಸ್ಕೆಟ್‌ಬಾಲ್ ಆಡುವಾಗಲೆಲ್ಲ, ದಿನಬಳಕೆಯ ವೀಲ್‌ಚೇರಿನಲ್ಲಿ ಕೂತ ಅವಳಿಗೆ ಸ್ಕೋರ್ ಬರೆಯುವ ಕೆಲಸ. ಅದು ತಪ್ಪಲೆಂದೇ ಗಂಡ ಆ ವೀಲ್‌ಚೇರ್ ತಂದಿದ್ದ.

ಅದನ್ನು ಕೊಟ್ಟುಬಿಡುವುದೇ? ಅವನು ಕೊನೆಗೆ ಮಾಡಿದ ಕೆಲಸ ಅದು...

ಕೋಚ್ ಬುಧವಾರ ಮಧ್ಯಾಹ್ನ ಮೈದಾನಕ್ಕೇ ಬಂದ. ಅದರ ಮುಂದಿನ ಬುಧವಾರವೂ ಬಂದ.

"ಚೇರ್?"

"ಕೊಡಲ್ಲ."

"ಇದಕ್ಕೆ ಕಳ್ಳತನ ಅಂತಾರೆ."

"ಪೊಲೀಸರನ್ನ ಕರ್ಕೊಂಡ್ ಬನ್ನಿ. ಹೊಟ್ಟೆ ಕರಗೋ ಹಾಗೆ ಅವರನ್ನೂ ಓಡಿಸ್ತೀನಿ."

"ನಿಮ್ಮ ಹುಡುಗಿ ಆಡ್ಬೇಕು, ನನ್ನ ಹುಡುಗಿ ಆಡ್ಬಾರ್ದು. ಇದ್ಯಾವ ನ್ಯಾಯ?"

"ನ್ಯಾಯ ಬೇಕಾದ್ರೆ ಕೋರ್ಟಿಗೆ ಹೋಗಿ. ಇದು ಬಾಸ್ಕೆಟ್‌ಬಾಲ್ ಕೋರ್ಟು, ಇಲ್ಲಿ ನಾನೇ ರೆಫ್ರಿ."

ಹೀಗೆಯೇ ತಿಂಗಳುಗಳು ಉರುಳಿದವು. ಪರೀಕ್ಷೆ ಮುಗಿಯಿತು, ರಜೆ ಮುಗಿಯಿತು, ಜಗಳ ಮಾತ್ರ ಮುಗಿಯಲಿಲ್ಲ.

ಒಂದು ಸಂಜೆ ಅತ್ತೆ ಅವಳ ತಟ್ಟೆಗೆ ಎರಡನೇ ಸಲ ಅನ್ನ ಬಡಿಸುತ್ತ ನಕ್ಕರು. "ಬುಧವಾರ ಮಾತ್ರ ಹೊಟ್ಟೆ ತುಂಬ ಊಟ ಮಾಡ್ತೀಯಲ್ಲೇ."

"ಜಗಳ ಆಡಿ ಹಸಿವಾಗುತ್ತೆ ಅತ್ತೆ."

"ಆಡು, ಆಡು. ನನ್ನ ಮಗನ ಜೊತೆಗೂ ಹೀಗೇ ಆಡ್ತಿದ್ದೆ."

ಅವಳು ತಟ್ಟೆ ಸರಿಸಿ ಎದ್ದಳು.

* * *

ಮುಂದಿನ ಬುಧವಾರ ಕೋಚ್ ಏನೂ ಕೇಳಲಿಲ್ಲ. ಬೇಲಿಗೆ ಒರಗಿ ಆಟವನ್ನೇ ನೋಡುತ್ತಿದ್ದ.

"ನಿಮ್ಮ ಹುಡುಗೀನ ಗೆಲ್ಲಿಸ್ತಿದ್ದಾರೆ," ಎಂದ. "ಕಾಣಿಸ್ತಿಲ್ವಾ?"

"ಒಳ್ಳೆ ಮಕ್ಕಳು ಅವರು."

"ಒಳ್ಳೆಯವರೇ. ಅದೇ ಕಷ್ಟ."

ಮೆಣಸಿನಕಾಯಿಯ ಚಕ್ರಗಳು ಹತ್ತಿರ ಬಂದರೆ ಸಾಕು, ಓಡುತ್ತಿದ್ದವರು ನಿಧಾನವಾಗುತ್ತಿದ್ದರು. ಚೆಂಡನ್ನು ಅವಳ ಮಡಿಲಿಗೇ ಇಟ್ಟು ದಾರಿ ಬಿಡುತ್ತಿದ್ದರು. ಅವಳು ಎಸೆದ ಚೆಂಡು ಬುಟ್ಟಿಗೆ ತಗಲದಿದ್ದರೂ ಚಪ್ಪಾಳೆ.

ಆ ಚಪ್ಪಾಳೆಯ ನಡುವೆ ಹುಡುಗಿ ಚೆಂಡನ್ನು ಬೇಲಿಯಾಚೆಗೆ ಎಸೆದಳು.

"ನನ್ನ ನೋಡಿದ್ರೆ ನಿಮಗೆಲ್ಲ ಕಾಲು ಬಿದ್ದೋಗುತ್ತಾ? ಸರ್ ಇದ್ದಾಗ್ಲೂ ಇದೇ ನಾಟಕ. ಸ್ಕೋರ್ ಬರೆಯೋದೇ ವಾಸಿ ಮಿಸ್, ಅಲ್ಲಿ ಯಾರೂ ನನಗೆ ಸುಳ್ಳು ಹೇಳಲ್ಲ."

ಮಿಸ್‌ನ ಕೋಪ ಕೋಚ್ ಕಡೆ ತಿರುಗಿತು. "ಸಮಾಧಾನ ಆಯ್ತಾ? ನನ್ನ ಗಂಡ ಮಾಡಿದ್ದು ತಪ್ಪು ಅಂತ ತೋರಿಸೋಕೇ ನಿಂತಿದ್ರಾ?"

"ತಪ್ಪೇ. ನಿಂತು ಓಡೋರ ನಡುವೆ ಒಂದೇ ಚೇರ್ ಬಿಟ್ರೆ ಎಲ್ಲರೂ ಅದಕ್ಕೆ ದಾರಿ ಬಿಡ್ತಾರೆ, ಅಷ್ಟೇ. ಕೊಡೋವಾಗ್ಲೇ ಅವರಿಗೆ ಹೇಳಿದ್ದೆ. ಆಟ ಬದಲಾಯಿಸ್ತೀನಿ, ಸ್ವಲ್ಪ ಟೈಮ್ ಕೊಡಿ ಅಂದ್ರು. ಅವರಿಗೇ ಟೈಮ್ ಸಿಗಲಿಲ್ಲ."

ಸತ್ತವನದು ತಪ್ಪೆಂದವನು ಇವನೊಬ್ಬನೇ. ಉಳಿದವರ ಬಾಯಲ್ಲಿ ಅವನು ದೇವರಾಗಿದ್ದ. ದೇವರ ಜೊತೆ ಜಗಳವಾಡುವುದು ಹೇಗೆ?

"ಹೋಗಿ ಇಲ್ಲಿಂದ," ಎಂದಳು.

ಅವಳು ಸ್ಟಾಫ್ ರೂಮಿಗೆ ಕಾಲಿಟ್ಟೊಡನೆ ಅಲ್ಲಿನ ನಗು ನಿಂತಿತು. ಯಾರೋ ಎದ್ದು ಜಾಗ ಬಿಟ್ಟರು. ಹೆಡ್‌ಮಿಸ್ ಮೆಲ್ಲಗೆ ಹೇಳಿದರು, "ಕ್ರೀಡಾಕೂಟದ ಜವಾಬ್ದಾರಿ ಬೇರೆಯವರಿಗೆ ಕೊಟ್ಟಿದ್ದೀನಿ. ನಿಮಗ್ಯಾಕೆ ತೊಂದರೆ? ನೆರಳಲ್ಲಿ ಆರಾಮಾಗಿ ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಇವರೂ ನನಗೆ ದಾರಿ ಬಿಡುತ್ತಿದ್ದಾರೆ... ಎಷ್ಟು ತಿಂಗಳಿಂದ?

"ಸತ್ತಿದ್ದು ಅವರು ಮೇಡಂ. ನಾನಲ್ಲ. ನನ್ನ ಕೆಲಸ ನನಗೆ ಕೊಡಿ."

ದನಿ ಜೋರಾಯಿತು. ಯಾರೂ ಅವಳ ಕಡೆ ನೋಡಲಿಲ್ಲ. ಅಲ್ಲೇ, ಎಲ್ಲರೆದುರು, ಅವಳಿಗೆ ಅಳು ಬಂತು.

* * *

ಮರುದಿನ ಅವಳು ವಾಲಿಬಾಲ್ ನೆಟ್ಟನ್ನು ಬಿಚ್ಚಿ, ಕೂತವರು ಕೈಯೆತ್ತಿದರೆ ಮುಟ್ಟುವಷ್ಟು ಕೆಳಗೆ ಕಟ್ಟಿದಳು. ತಾನೇ ಮೊದಲು ನೆಲಕ್ಕೆ ಕುಳಿತಳು.

"ಎಲ್ಲರೂ ಕೂತ್ಕೊಳ್ಳಿ. ಯಾರ ಅಂಡು ನೆಲ ಬಿಡುತ್ತೋ ಅವರ ಪಾಯಿಂಟ್ ಹೋಯ್ತು."

ಆ ಮಾತಿಗೇ ತರಗತಿ ಬಿದ್ದು ಬಿದ್ದು ನಕ್ಕಿತು. ಮೆಣಸಿನಕಾಯಿ ವೀಲ್‌ಚೇರಿನಿಂದ ತಾನಾಗಿಯೇ ಇಳಿದಳು. ಆಮೇಲೆ ನಗು ನಿಂತಿತು. ಕಾಲು ಬಳಸದೆ ಸರಿಯುವುದು ಉಳಿದವರಿಗೆ ಗೊತ್ತೇ ಇರಲಿಲ್ಲ. ಅವಳಿಗೋ ಅದು ಹುಟ್ಟಿನಿಂದ ಬಂದ ವಿದ್ಯೆ. ಕೈಯೂರಿ ಸರಸರನೆ ಸರಿದು ಅವಳು ಚೆಂಡು ಹೊಡೆದರೆ ಎದುರಿನವರು ಬಾಯಿ ಬಿಟ್ಟು ನೋಡುತ್ತಿದ್ದರು. ಮೊದಲ ಆಟ ಗೆದ್ದಳು. ಎರಡನೆಯದರಲ್ಲಿ ಎದುರಾಳಿಗಳು ಹಲ್ಲು ಕಚ್ಚಿ ಆಡಿ ಅವಳನ್ನು ಸೋಲಿಸಿದರು.

"ಮೋಸ! ಅವನು ಎದ್ದಿದ್ದ, ನಾನು ನೋಡ್ದೆ."

"ಎದ್ದಿಲ್ಲ ಕಣೇ, ಸೋತಿದ್ದೀಯ, ಒಪ್ಕೋ."

ಧೂಳು ಮೆತ್ತಿದ ಮುಖದಲ್ಲಿ ಹುಡುಗಿ ಕಿರುಚಾಡುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ಯಾರೂ ನೋಡಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಮಿಸ್ ಆಟದ ವೀಲ್‌ಚೇರನ್ನು ಬೀದಿಯುದ್ದಕ್ಕೂ ತಳ್ಳಿಕೊಂಡು ವಿಶೇಷ ಶಾಲೆಗೆ ಹೋದಳು. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಅಂಗಳದಲ್ಲಿ ಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದ ಕೋಚ್ ಎದ್ದು ನಿಂತ.

"ತಗೊಳ್ಳಿ. ನಿಮ್ಮ ಹುಡುಗಿಯನ್ನ ಇಷ್ಟು ದಿನ ಕಾಯಿಸಿದೆ. ಕ್ಷಮೆ ಕೇಳ್ಬೇಕು ಅವಳನ್ನ."

ಅವನು ತಲೆ ತಗ್ಗಿಸಿದ. "ಅವಳಿಗೆ ಹೊಸದು ಬಂತು."

"ಯಾವಾಗ?"

"ಪರೀಕ್ಷೆಗೆ ಮುಂಚೆ."

ವೀಲ್‌ಚೇರಿನ ಹಿಡಿಕೆಯ ಮೇಲೆ ಅವಳ ಬೆರಳು ಬಿಗಿಯಾದವು. "ಅಂದ್ರೆ ನೀವೂ ನನ್ನ ಗೆಲ್ಲಿಸ್ತಿದ್ರಿ. ಪಾಪ ಅಂತ."

"ಪಾಪ ಅಂದಿದ್ರೆ ಮೊದಲನೇ ದಿನವೇ ಸುಮ್ಮನಾಗ್ತಿದ್ದೆ."

"ಮತ್ಯಾಕೆ ಬರ್ತಿದ್ರಿ?"

"ಬೈಸ್ಕೊಳ್ಳೋಕೆ." ಅವನು ಹಿಡಿಕೆಯ ಇನ್ನೊಂದು ತುದಿ ಹಿಡಿದ. "ಆವತ್ತು ಬಾಗಿಲು ತೆಗೆದಾಗ ನಿಮ್ಮ ಮುಖದಲ್ಲಿ ಜೀವವೇ ಇರಲಿಲ್ಲ. ಬಾಗಿಲು ಹಾಕೋವಾಗ ಇತ್ತು. ಅದನ್ನ ಮತ್ತೆ ನೋಡ್ಬೇಕು ಅನ್ನಿಸ್ತು. ಆಮೇಲೆ... ವಾರ ಪೂರ್ತಿ ಬುಧವಾರಕ್ಕೇ ಕಾಯೋ ಹಾಗಾಯ್ತು. ಹೊಸ ಚೇರ್ ಬಂತು ಅಂತ ಹೇಳಿದ್ರೆ ಬರೋಕೆ ನೆಪ ಇರ್ತಿರಲಿಲ್ಲ."

ಅವಳು ವೀಲ್‌ಚೇರನ್ನು ತನ್ನ ಕಡೆಗೆ ತುಸು ಎಳೆದುಕೊಂಡಳು.

"ಅವರು ಅಂದ್ರೆ ನನಗೆ ಇವತ್ತಿಗೂ ಇಷ್ಟ."

"ಇರ್ಲಿ. ನನಗೂ ಇಷ್ಟ ಅವರು."

"ತಪ್ಪು ಮಾಡಿದ್ರು ಅಂದ್ರಿ."

"ತಪ್ಪು ಮಾಡಿದ್ರು. ಇಷ್ಟ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ನೀವು ಸುಳ್ಳು ಹೇಳಿದ್ರಿ. ಅದಕ್ಕೆ ನನಗಿನ್ನೂ ಕೋಪ ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಬಂದು ವಿಚಾರಿಸ್ತಾ ಇರಿ."

ಎಂದವಳು ಹಿಡಿಕೆಯಿಂದ ಒಂದು ಕೈ ತೆಗೆದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ.