ಎರಡು ಸುತ್ತು ರಬ್ಬರ್

"ಮಿಸ್, ಮಿಸ್! ನೀರಿನ ಮೇಲೆ ಕಾಮನಬಿಲ್ಲು!"

ಲಿಖಿತ್ ಹಳ್ಳದ ಅಂಚಿನ ಕಲ್ಲಿನ ಮೇಲೆ ನಿಂತು ಕುಣಿಯುತ್ತಿದ್ದ. ಐದನೇ ಕ್ಲಾಸಿನ ಮಕ್ಕಳೆಲ್ಲ ಅತ್ತ ಓಡಿದರು. ನಿಜವಾಗಿಯೂ ನೀರಿನ ಮೇಲೆ ನೇರಳೆ, ಹಸಿರು, ಹಳದಿ ಬಣ್ಣ ಸುರುಳಿ ಸುರುಳಿಯಾಗಿ ತೇಲುತ್ತಿತ್ತು.

"ಅಬ್ಬಬ್ಬ, ಎಷ್ಟು ಚಂದ!" ಅಂದಳು ರಕ್ಷಾ.

ಅವಳ ಜೀವದ ಗೆಳತಿ ಶಬನಂ ಮಾತ್ರ ನಿಂತಲ್ಲೇ ನಿಂತಳು. ಅವಳಿಗೆ ಆ ಬಣ್ಣ ಗೊತ್ತಿತ್ತು. ಅವಳ ಅಬ್ಬಾ ಫಯಾಜ್ ಅವರದ್ದು ಕೊಟ್ಟಿಗೆಹಾರದಲ್ಲಿ ಜೀಪ್ ರಿಪೇರಿ ಮಾಡುವ ಗ್ಯಾರೇಜ್. ಅಲ್ಲಿಯ ಅಂಗಳದಲ್ಲಿ ನೀರು ನಿಂತಾಗೆಲ್ಲ ಇದೇ ಬಣ್ಣ ಕಾಣುತ್ತಿತ್ತು. ಕಾಮನಬಿಲ್ಲಂತೆ ಕಾಮನಬಿಲ್ಲು! ಅದು ಎಂಜಿನ್ ಆಯಿಲ್.

ಕುಸುಮಾ ಮಿಸ್ ಬಗ್ಗಿ, ನೀರಿಗೆ ಬೆರಳು ಅದ್ದಿ ಮೂಸಿದರು. ಅವರ ಮುಖ ಗಂಟಿಕ್ಕಿತು. "ಇದು ಆಯಿಲ್ ಕಣ್ರೋ. ಯಾರೂ ನೀರಿಗೆ ಇಳೀಬೇಡಿ."

ಪ್ರತಿ ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚೆ ಮಿಸ್ ಮಕ್ಕಳನ್ನು ಇಲ್ಲಿಗೆ ಕರೆತರುತ್ತಿದ್ದರು. ಹಳ್ಳದಂಚಿನ ಒಂದು ಚಪ್ಪಟೆ ಬಂಡೆ ನೀರುನಾಯಿಗಳದ್ದು. ತಾಯಿ ಒಂದು, ಮರಿ ಎರಡು. ಏಡಿ, ಮೀನು ತಿಂದು ತಪ್ಪದೆ ಅದೇ ಬಂಡೆಯ ಮೇಲೆ ಬಂದು ಹಿಕ್ಕೆ ಹಾಕುತ್ತಿದ್ದವು. ದೊಡ್ಡ ಗುಡ್ಡೆ ಒಂದು, ಪುಟ್ಟ ಗುಡ್ಡೆ ಎರಡು. ಲಿಖಿತ್ ಅದನ್ನು ಕಡ್ಡಿಯಿಂದ ಕೆದಕಿ, "ಏಡಿ ಚಿಪ್ಪು! ಮೀನಿನ ಮುಳ್ಳು!" ಎಂದು ಕೂಗುತ್ತಿದ್ದ. ಉಳಿದವರು ಮೂಗು ಮುಚ್ಚಿಕೊಂಡು ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಇವತ್ತು ಬಂಡೆ ಖಾಲಿ.

"ಆಯಿಲ್ ಮೈಗೆ ಹತ್ತಿದ್ರೆ ನೀರುನಾಯಿಗೆ ಎಂತ ಆಗುತ್ತೆ ಮಿಸ್?" ರಕ್ಷಾ ಕೇಳಿದಳು.

"ಅದರ ಕೂದಲೇ ಅದರ ಸ್ವೆಟರ್. ಆಯಿಲ್ ಹತ್ತಿದ್ರೆ ಚಳಿ ತಡೆಯಲ್ಲ. ನೆಕ್ಕಿ ಕ್ಲೀನ್ ಮಾಡ್ಕೊಳ್ಳೋಕೆ ಹೋದ್ರೆ ವಿಷ ಹೊಟ್ಟೆಗೆ ಹೋಗುತ್ತೆ." ಮಿಸ್ ತಲೆಯೆತ್ತಿ ಆಕಾಶ ನೋಡಿದರು. ಗುಡ್ಡದ ಹಿಂದಿನಿಂದ ಕಪ್ಪು ಮೋಡ ಏಳುತ್ತಿತ್ತು. "ಹೂಮಳೆ ಬರೋ ಹಾಗಿದೆ. ಬಂದ್ರೆ ಇದೆಲ್ಲ ಕೊಚ್ಕೊಂಡು ಕೆಳಗಿನ ಮಡುವಿಗೆ ಹೋಗುತ್ತೆ. ಮರಿಗಳು ಇರೋದು ಅಲ್ಲೇ."

ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡುವ ಮಳೆ. ಅದಕ್ಕಾಗಿ ಊರಿಗೆ ಊರೇ ಹದಿನೈದು ದಿನದಿಂದ ಮುಗಿಲು ನೋಡುತ್ತಿತ್ತು. ಶಬನಂ ಒಬ್ಬಳೇ ಮನಸ್ಸಿನಲ್ಲಿ, 'ಬೇಡ, ಇವತ್ತು ಬೇಡ, ಯಾ ಅಲ್ಲಾ' ಅಂದುಕೊಂಡಳು.

"ಯಾರು ಮಾಡಿದ್ದು ಅಂತ ನಂಗೊತ್ತು!" ಲಿಖಿತ್ ಜೋರಾಗಿ ಹೇಳಿದ. "ನಿನ್ನೆ ಸಂಜೆ ರಕ್ಷಾಳ ಅಪ್ಪ ಆಯಿಲ್ ಕ್ಯಾನ್ ಹಿಡ್ಕಂಡು ಹಳ್ಳ ದಾಟೋ ಈ ಸಂಕದ ಮೇಲೇ ಹೋದ್ರು. ನಾನೇ ನೋಡಿದೀನಿ."

"ಸುಮ್ನಿರೋ! ನಮ್ಮಪ್ಪ ಹಂಗೆಲ್ಲ ಮಾಡಲ್ಲ!" ರಕ್ಷಾಳ ಕಣ್ಣಲ್ಲಿ ಆಗಲೇ ನೀರು.

"ಹಾಲೇಶ್ ಅವರನ್ನ ನಾನೇ ಕರೆಸಿ ಕೇಳ್ತೀನಿ," ಅಂದರು ಮಿಸ್.

ಶಬನಂ ತಲೆ ತಗ್ಗಿಸಿ ಬುಕ್ಕನ್ನು ಎದೆಗೆ ಅವಚಿಕೊಂಡಳು.

ರಕ್ಷಾಳ ಅಪ್ಪ ಹಾಲೇಶ್ ಎಸ್ಟೇಟಿನ ಮೇಸ್ತ್ರಿ. ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಗ್ಯಾರೇಜಿನಿಂದ ಹಳೇ ಆಯಿಲ್ ಒಯ್ಯುತ್ತಿದ್ದರು. ನಿನ್ನೆ ಅವರು ಬಂದಾಗ ಅಬ್ಬಾ ಜೀಪಿನ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದರು. "ಶಬ್ಬು, ಕ್ಯಾನ್ ತುಂಬಿಸ್ಕೊಡು. ನಲ್ಲಿ ಗಟ್ಟಿ ತಿರುಗಿಸು, ಎರಡು ಸುತ್ತು ರಬ್ಬರ್ ಸುತ್ತು," ಅಂದಿದ್ದರು. ಹಳೇ ಆಯಿಲ್ ತುಂಬಿಡುವ ಡ್ರಮ್ಮಿನ ನಲ್ಲಿ ಸವೆದಿತ್ತು. ಬರೀ ತಿರುಗಿಸಿದರೆ ಸಾಲದು, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಬೇಕು. ಅವಳು ನಲ್ಲಿ ತಿರುಗಿಸಿದ್ದಳು. ಅಷ್ಟರಲ್ಲಿ ಗ್ಯಾರೇಜಿಗೆ ಅಂಟಿಕೊಂಡ ಮನೆಯೊಳಗೆ ಟಿವಿಯಲ್ಲಿ ಕಾರ್ಟೂನ್ ಶುರುವಾದ ಸದ್ದು ಕೇಳಿಸಿತ್ತು. ರಬ್ಬರ್? ರಬ್ಬರ್ ಸುತ್ತಿದ ನೆನಪೇ ಇಲ್ಲ.

ಶಾಲೆ ಬಿಟ್ಟಿದ್ದೇ ತಡ, ಶಬನಂ ಮನೆಗೆ ಓಡಿದಳು. ಅಬ್ಬಾ ಸ್ಪೇರ್ ಪಾರ್ಟ್ ತರಲು ಮೂಡಿಗೆರೆಗೆ ಹೋಗಿದ್ದರು. ಶೆಡ್ಡಿನ ಹಿಂದೆ ಡ್ರಮ್ಮಿನ ನಲ್ಲಿಯಿಂದ ಇನ್ನೂ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ರಬ್ಬರ್ ಪಟ್ಟಿ ಮೊಳೆಯ ಮೇಲೆ ಹಾಗೇ ತೂಗುತ್ತಿತ್ತು. ಡ್ರಮ್ ತಟ್ಟಿದರೆ ಢಣ್ ಎಂದಿತು, ಹೆಚ್ಚುಕಡಿಮೆ ಖಾಲಿ. ನೆಲದ ಮೇಲೆ ಕರಿ ದಾರಿಯೊಂದು ಚರಂಡಿಯವರೆಗೆ ಹೋಗಿತ್ತು. ಬೆಳಿಗ್ಗೆ ಜೀಪ್ ತೊಳೆದ ನೀರು ಅದನ್ನು ಹಳ್ಳಕ್ಕೆ ಒಯ್ದಿತ್ತು.

ಅವಳಿಗೆ ಅಳು ಬಂತು. ಅಳುತ್ತಲೇ ಪಟ್ಟಿ ಸುತ್ತಿದಳು. ಆಗ ಕಿಟಕಿಯಲ್ಲಿದ್ದ ಸೋಪು ಪುಡಿಯ ಪ್ಯಾಕೆಟ್ ಕಣ್ಣಿಗೆ ಬಿತ್ತು. ಸಂಜೆ ಅಬ್ಬಾ ಅದರಲ್ಲಿ ಕೈ ಉಜ್ಜಿದರೆ ಎಂಥಾ ಕರಿ ಇದ್ದರೂ ಮಾಯ! ಹಳ್ಳವನ್ನೂ ಹಾಗೇ ತೊಳೆದುಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ರಕ್ಷಾಳ ಅಪ್ಪನೂ ಬಚಾವ್, ತಾನೂ ಬಚಾವ್.

ಹಳ್ಳಕ್ಕೆ ಹೋಗಿ ಪ್ಯಾಕೆಟ್ ಪೂರ್ತಿ ಸುರಿದಳು. ಕೋಲಿನಿಂದ ಕದಡಿದಳು. ನೊರೆ ಎದ್ದಿತು. ಬಣ್ಣ ಒಡೆದು ಚೂರಾಯಿತು. "ಹೋಯ್ತು, ಹೋಯ್ತು!" ಎಂದು ಅವಳು ಇನ್ನೇನು ನಗಬೇಕು, ಅಷ್ಟರಲ್ಲಿ ನೊರೆಯ ನಡುವೆ ಒಂದು ಪುಟ್ಟ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿತು. ಆಮೇಲೆ ಇನ್ನೊಂದು. ಏಡಿಯೊಂದು ತಡಬಡಾಯಿಸುತ್ತ ನೀರಿನಿಂದ ಕಲ್ಲಿನ ಮೇಲೆ ಹತ್ತಿ, ಅಲ್ಲೇ ಕುಸಿಯಿತು.

"ಶಬನಂ! ನೀರಿಗೆ ಎಂತ ಹಾಕ್ದೆ?"

ಸಂಕದ ಮೇಲೆ ಮಿಸ್ ನಿಂತಿದ್ದರು. ಜೊತೆಗೆ ಹಾಲೇಶ್, ರಕ್ಷಾ, ಲಿಖಿತ್. ಹಾಲೇಶ್ ಮುಖ ಬಾಡಿತ್ತು. "ದೇವರಾಣೆ ಮಿಸ್, ಒಂದು ಹನಿ ಚೆಲ್ಲಿಲ್ಲ ನಾನು," ಎಂದು ಹೇಳುತ್ತಲೇ ಅವರು ಕೆಳಗಿಳಿದು ಬಂದರು.

"ಮತ್ತಿನ್ಯಾರು?" ಅಂದ ಲಿಖಿತ್.

ರಕ್ಷಾ ಓಡಿಬಂದು ಶಬನಂ ಕೈ ಹಿಡಿದುಕೊಂಡಳು. "ನೋಡಿ ಮಿಸ್, ಎಲ್ರೂ ನಮ್ಮಪ್ಪನ್ನ ಬೈತಾ ಇದ್ರೆ ಇವಳೊಬ್ಬಳೇ ಕ್ಲೀನ್ ಮಾಡೋಕೆ ಬಂದಿದಾಳೆ!"

ಅಯ್ಯೋ, ಅದಕ್ಕಿಂತ ಎರಡೇಟು ಹೊಡೆದಿದ್ದರೂ ವಾಸಿಯಿತ್ತು. ಶಬನಂ ಕೈ ಬಿಡಿಸಿಕೊಂಡಳು.

"ನಾನೇ. ರಬ್ಬರ್ ಸುತ್ತಲಿಲ್ಲ ನಾನು," ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ಡ್ರಮ್, ನಲ್ಲಿ, ಕಾರ್ಟೂನ್, ಸೋಪು ಪುಡಿ ಎಲ್ಲವನ್ನೂ ಬಿಕ್ಕುತ್ತಾ ಹೇಳಿದಳು. ರಕ್ಷಾ ಎರಡು ಹೆಜ್ಜೆ ಹಿಂದೆ ಸರಿದು ಅಪ್ಪನ ಪಕ್ಕ ನಿಂತಳು. ಲಿಖಿತ್ ನೆಲ ನೋಡಿದ.

"ಸೋಪು ಹಾಕಿದ್ರೆ ಆಯಿಲ್ ಎಲ್ಲೂ ಹೋಗಲ್ಲ ಪುಟ್ಟ. ನೀರಿನೊಳಗೇ ಬೆರೆಯುತ್ತೆ," ಎಂದು ಮಿಸ್ ಮೆತ್ತಗೆ ಹೇಳಿದರು.

ಹಾಲೇಶ್ ಮೋಡ ನೋಡಿದರು. "ಬೈಯೋದೆಲ್ಲ ಆಮೇಲೆ ಮಿಸ್. ಉಳಿದ ಆಯಿಲ್ ಮಳೆಗೆ ಮುಂಚೆ ತಡೀಬೇಕು. ಹೆಂಗೆ ಅಂತ ಹೇಳಿ."

"ಗ್ಯಾರೇಜಲ್ಲಿ ಚೆಲ್ಲಿದ್ರೆ ಅಬ್ಬಾ ಮರದ ಹೊಟ್ಟು ಹಾಕ್ತಾರೆ. ಅದು ಆಯಿಲ್ ಕುಡಿಯುತ್ತೆ," ಶಬನಂ ಮೂಗು ಒರೆಸಿಕೊಳ್ಳುತ್ತಾ ಅಂದಳು.

"ಹಳ್ಳಕ್ಕಾಗೋವಷ್ಟು ಮರದ ಹೊಟ್ಟು ಎಲ್ಲಿಂದ ತರೋದು ಮಾರಾಯ್ತಿ?" ಅಂದವರೇ ಹಾಲೇಶ್ ಹಣೆ ಚಚ್ಚಿಕೊಂಡರು. "ಅರೆ, ಕಾಫಿ ಹೊಟ್ಟು! ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿದೆಯಲ್ಲ!"

ಆಮೇಲೆ ಯಾರಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ. ಎಸ್ಟೇಟಿನ ಟ್ರ್ಯಾಕ್ಟರಿನಲ್ಲಿ ಕಾಫಿ ಹೊಟ್ಟು ಬಂತು. ಮಕ್ಕಳು ದಂಡೆಯ ಮೇಲೆ ಕೂತು ಗೋಣಿಚೀಲಕ್ಕೆ ಹೊಟ್ಟು ತುಂಬಿ ಹೊಲಿದರು. ಎಸ್ಟೇಟಿನ ಆಳುಗಳು ಮೂಟೆಗಳನ್ನು ಹಗ್ಗಕ್ಕೆ ಪೋಣಿಸಿ ಹಳ್ಳದ ಅಡ್ಡಕ್ಕೆ ಕಟ್ಟಿದರು. ಮೂಟೆಗೆ ತಾಗಿ ನಿಂತ ಆಯಿಲನ್ನು ಹಾಲೇಶ್ ಅಡಿಕೆ ಹಾಳೆಯಿಂದ ಮೊಗೆದು ಮೊಗೆದು ಬಕೆಟ್ಟಿಗೆ ಸುರಿದರು.

ಮೂರು ಗಂಟೆಗೆ ಅಬ್ಬಾ ಬಂದರು. ಶಬನಂ ತಾನೇ ಹೋಗಿ ಹೇಳಿದಳು. "ಆ ನಲ್ಲಿ ಬದಲಾಯಿಸ್ತೀನಿ ಅಂತ ನಾನು ವರ್ಷದಿಂದ ಹೇಳ್ತಾನೇ ಇದೀನಿ," ಅಂದ ಅಬ್ಬಾ ಗುದ್ದಲಿ ತಗೊಂಡು ಚರಂಡಿಯ ಕರಿ ಮಣ್ಣು ಅಗೆಯಲು ಹೋದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ನಾಲ್ಕೂವರೆಗೆ ಮಳೆ ಬಂತು. ಗುಡ್ಡದ ಮೇಲೆ ಯಾರೋ ಖುಷಿಯಿಂದ ಕೇಕೆ ಹಾಕಿದರು. ಹಳ್ಳದ ದಂಡೆಯಲ್ಲಿ ಎಲ್ಲರ ಕಣ್ಣು ಮೂಟೆಗಳ ಮೇಲೆ. ನೀರು ಏರಿತು. ಮೂಟೆಗಳು ಕಪ್ಪಾಗಿ ಉಬ್ಬಿದವು. ದಂಡೆಯ ಕಡೆಯ ಮೂಟೆಯ ಹಗ್ಗ ಗೂಟದಿಂದ ಜಾರತೊಡಗಿತು.

ಶಬನಂ ಹಾರಿ ಹಗ್ಗ ಹಿಡಿದಳು. ಹಗ್ಗ ಅವಳನ್ನೇ ಎಳೆಯತೊಡಗಿತು. ಅವಳ ಹಿಂದೆ ಇನ್ನೆರಡು ಕೈ ಹಗ್ಗಕ್ಕೆ ಬಿದ್ದವು.

"ನಿನ್ನ ಜೊತೆ ಮಾತಾಡಲ್ಲ ನಾನು," ಅಂದಳು ರಕ್ಷಾ. "ಗಟ್ಟಿ ಹಿಡ್ಕೊ."

ಅಬ್ಬಾ ಓಡಿಬಂದು ಹಗ್ಗವನ್ನು ಮರಕ್ಕೆ ಬಿಗಿಯುವವರೆಗೂ ಇಬ್ಬರೂ ಬಿಡಲಿಲ್ಲ. ಮೂಟೆಗಳ ಮೇಲಿನ ಕಡೆ ನಿಂತ ನೀರು ಕರ್ರಗಿತ್ತು. ಕೆಳಗೆ ಹರಿದ ನೀರು ಕೆಂಪಗಿತ್ತು, ಬರೀ ಮಣ್ಣಿನ ಕೆಂಪು.

ಎಂಟೇ ದಿನಕ್ಕೆ ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಯಿತು. ಬಂಡೆ ಮಾತ್ರ ಖಾಲಿ. ಮಕ್ಕಳು ಶನಿವಾರ ಬಂದು ಹೊಸ ಮೂಟೆ ಹೊಲಿದುಕೊಟ್ಟರು, ದಂಡೆಯಲ್ಲಿ ವಾಟೆ ಬಿದಿರು ನೆಟ್ಟರು. ಲಿಖಿತ್ ಬುಕ್ಕಿನಲ್ಲಿ 'ಇಲ್ಲ' ಅಂತ ಬರೆದ. ಮರು ಶನಿವಾರವೂ ಇಲ್ಲ, ಅದರ ಮರು ಶನಿವಾರವೂ ಇಲ್ಲ. ಅಷ್ಟರೊಳಗೆ ರಕ್ಷಾ ಮಾತಾಡತೊಡಗಿದ್ದಳು, ಮೊದಲಿನಷ್ಟಲ್ಲ.

ಆರನೇ ಶನಿವಾರ ಲಿಖಿತ್ ಬಂಡೆಯ ಮೇಲೆ ಎಗರಿ ಕೂಗಿದ. "ಹಿಕ್ಕೆ! ಮಿಸ್, ಹಿಕ್ಕೆ!"

ಎಲ್ಲರೂ ಸುತ್ತ ಮುಕುರಿದರು. ಯಾರೊಬ್ಬರೂ ಮೂಗು ಮುಚ್ಚಲಿಲ್ಲ. ಕಡ್ಡಿಯಿಂದ ಕೆದಕಿದರೆ ಕೆಂಪು ಏಡಿ ಚಿಪ್ಪು! ಪಕ್ಕದಲ್ಲೇ ಪುಟ್ಟ ಗುಡ್ಡೆ. ಮಕ್ಕಳು ಕುಣಿದಾಡಿಬಿಟ್ಟರು.

"ಪುಟ್ಟದ್ದು ಎರಡು ಇರ್ತಿತ್ತಲ್ವಾ?" ರಕ್ಷಾ ಕೇಳಿದಳು.

ಮಕ್ಕಳು ಬಂಡೆಯ ಆ ಬದಿ, ಈ ಬದಿ ಎಲ್ಲಾ ಹುಡುಕಿದರು. ಸಿಗಲಿಲ್ಲ. ಶಬನಂ ಬುಕ್ಕು ಇಸಿದುಕೊಂಡು 'ದೊಡ್ಡದು ಒಂದು, ಪುಟ್ಟದು ಒಂದು' ಅಂತ ಬರೆದಳು. ಕೆಳಗೆ ಒಂದು ಸಾಲು ಖಾಲಿ ಬಿಟ್ಟಳು.

ಆ ಸಂಜೆ ಅಬ್ಬಾ ಒಬ್ಬರಿಗೆ ಆಯಿಲ್ ತುಂಬಿಸಿಕೊಟ್ಟು ಡ್ರಮ್ಮಿನ ಹೊಸ ನಲ್ಲಿ ತಿರುಗಿಸಿದರು. ಅವರು ಅತ್ತ ಹೋದ ಮೇಲೆ ಶಬನಂ ಮೊಳೆಯಿಂದ ಹಳೇ ಪಟ್ಟಿ ತೆಗೆದುಕೊಂಡಳು.

"ಹೊಸ ನಲ್ಲಿ ಅದು ಶಬ್ಬು. ರಬ್ಬರ್ ಬೇಡ," ಬಾಗಿಲಿನಿಂದ ಅಬ್ಬಾ ಅಂದರು.

"ಇರ್ಲಿ ಅಬ್ಬಾ," ಎನ್ನುತ್ತಾ ಅವಳು ಎರಡು ಸುತ್ತು ಸುತ್ತಿದಳು. ನಲ್ಲಿಯ ಕೆಳಗೆ ಅಂಗೈ ಚಾಚಿ, ಒಂದು ಹನಿಯಾದರೂ ಬೀಳುತ್ತದೋ ಎಂದು ಕಾಯುತ್ತಾ ಕೂತಳು.